ಬೈಬಲ್ಲೂ ಬ್ಯಾಲೆಟ್ಟೂ: ಅಮೆರಿಕದ ಸಂಪ್ರದಾಯವಾದಿ ಕ್ರೈಸ್ತರು ಹೀಗೇಕೆ ವೋಟು ಹಾಕುತ್ತಾರೆ?

ಪ್ರಶ್ನೆ: ನಮ್ಮ ತಂಡದಲ್ಲಿ ಟೆಕ್ಸಸ್‌ನ ಒಬ್ಬ ಸಹೋದ್ಯೋಗಿ ಇದ್ದಾರೆ. ತುಂಬಾ ಒಳ್ಳೆಯ ಮನುಷ್ಯ. ಭಾನುವಾರ ಚರ್ಚ್ ತಪ್ಪಿಸುವುದಿಲ್ಲ, ಊಟಕ್ಕೆ ಮೊದಲು ಪ್ರಾರ್ಥನೆ ಮಾಡುತ್ತಾರೆ. ಗರ್ಭಪಾತ ಎಂದರೆ ಕೊಲೆ ಅನ್ನುತ್ತಾರೆ. ಮದುವೆ ಎಂದರೆ ಒಂದು ಗಂಡು, ಒಂದು ಹೆಣ್ಣು, ಸಾಯುವ ತನಕ ಅನ್ನುತ್ತಾರೆ. ಆದರೆ ಮೂರು ಮದುವೆಯಾದ ಟ್ರಂಪ್‌ಗೆ ಮೂರು ಸಲವೂ ವೋಟು ಹಾಕಿದ್ದಾರೆ. ಇದು ಬೂಟಾಟಿಕೆ ಅಲ್ವಾ? ಅಥವಾ ನನಗೆ ಕಾಣದ ಯಾವುದಾದರೂ ತರ್ಕ ಇದೆಯಾ? ಜಗಳ ಆಗದ ಹಾಗೆ ಅವರ ಹತ್ತಿರ ಈ ವಿಷಯ ಮಾತಾಡುವುದು ಹೇಗೆ?

ಉತ್ತರ: ತರ್ಕ ಇದೆ. ಅಲ್ಲಲ್ಲಿ ಬೂಟಾಟಿಕೆಯೂ ಇದೆ. ಎರಡನ್ನೂ ಬಿಡಿಸಿ ನೋಡಬೇಕು. ನಿಮ್ಮ ಸಹೋದ್ಯೋಗಿಯ ನಂಬಿಕೆ ತುಂಬಾ ಹಳೆಯದು. ಆ ನಂಬಿಕೆಗೂ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷಕ್ಕೂ ಗಂಟು ಬಿದ್ದದ್ದು ಮಾತ್ರ ಸುಮಾರು 50 ವರ್ಷಗಳ ಹಿಂದೆ. ಹೊರಗಿನವರು ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲಿನ ಎಷ್ಟೋ ಪಾಸ್ಟರ್‌ಗಳೂ ಹಾಗೇ ಅಂದುಕೊಂಡಿದ್ದಾರೆ. ನನಗೆ ನೋವಾಗುವುದು ಅಲ್ಲೇ.

ನಾನು ಚರ್ಚ್ ಇತಿಹಾಸ ಕಲಿಸುವವನು. ನಾನೂ ವಿಶ್ವಾಸಿ. ಗರ್ಭದಲ್ಲಿರುವ ಮಗುವಿನ ಬಗ್ಗೆ, ಮದುವೆಯ ಬಗ್ಗೆ ನಿಮ್ಮ ಸಹೋದ್ಯೋಗಿ ನಂಬುವುದರಲ್ಲಿ ಹೆಚ್ಚಿನದನ್ನು ನಾನೂ ನಂಬುತ್ತೇನೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗರ್ಭಪಾತದಿಂದ ಶುರು ಮಾಡೋಣ. ಅವರ ವೋಟು ನಿಂತಿರುವುದೇ ಅದರ ಮೇಲೆ. ಬೈಬಲ್‌ನಲ್ಲಿ ಎಲ್ಲೋ ಒಂದು ನಿಯಮ ಇದೆ, ಅದಕ್ಕೇ ಇವರು ವಿರೋಧಿಸುತ್ತಾರೆ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಅವರ ವಾದ ಶುರುವಾಗುವುದು ಆದಿಕಾಂಡದ ಮೊದಲ ಅಧ್ಯಾಯದಿಂದ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದ ಎಂಬ ಮಾತು ಅಲ್ಲಿದೆ. ಇದರ ಅರ್ಥ, ಮನುಷ್ಯನ ಬೆಲೆ ಅವನ ಬುದ್ಧಿಯಿಂದ ಬರುವುದಿಲ್ಲ, ಶಕ್ತಿಯಿಂದ ಬರುವುದಿಲ್ಲ, ಬೇರೆಯವರಿಗೆ ಅವನು ಬೇಕಾಗಿದ್ದಾನೆಯೇ ಎನ್ನುವುದರಿಂದಲೂ ಬರುವುದಿಲ್ಲ. ಬೆಲೆ ಹುಟ್ಟಿಸಿದವನಿಂದ ಬರುತ್ತದೆ. ಹಾಗಾದರೆ ಹನ್ನೆರಡು ವಾರದ ಭ್ರೂಣಕ್ಕೂ, ಮಾತು ಬಾರದ ಅಂಗವಿಕಲ ಮಗುವಿಗೂ, ನೆನಪು ಕಳೆದುಕೊಂಡ ಮುದುಕರಿಗೂ ಒಂದೇ ಬೆಲೆ. 139ನೇ ಕೀರ್ತನೆಯಲ್ಲಿ ದಾವೀದ ತಾಯಿಯ ಗರ್ಭದಲ್ಲಿ ದೇವರು ತನ್ನನ್ನು ರೂಪಿಸಿದ ಅನ್ನುತ್ತಾನೆ. ಲೂಕನ ಸುವಾರ್ತೆಯಲ್ಲಿ ಎಲಿಸಬೇತಳ ಗರ್ಭದಲ್ಲಿದ್ದ ಕೂಸು ಮರಿಯಳ ದನಿ ಕೇಳಿ ನಲಿದಾಡುತ್ತದೆ. ಭಾನುವಾರದ ಶಾಲೆಯಲ್ಲಿ ಐದು ವರ್ಷದ ಮಗು ಕಲಿಯುವ ಕಥೆಗಳಿವು. ಇವನ್ನು ಕೇಳಿ ಬೆಳೆದವರಿಗೆ ಗರ್ಭದಲ್ಲಿರುವುದು ಮಗುವೋ ಅಲ್ಲವೋ ಎಂಬ ಪ್ರಶ್ನೆಯೇ ವಿಚಿತ್ರ.

ಈ ನಂಬಿಕೆ ನಿನ್ನೆ ಮೊನ್ನೆಯದೂ ಅಲ್ಲ. ರೋಮನ್ ಸಾಮ್ರಾಜ್ಯದಲ್ಲಿ ಬೇಡದ ಕೂಸುಗಳನ್ನು ಹೊರಗೆ ಬಿಟ್ಟುಬಿಡುವ ರೂಢಿ ಇತ್ತು. ಮೊದಲ ಶತಮಾನಗಳ ಕ್ರೈಸ್ತರು ಅದನ್ನೂ ಗರ್ಭಪಾತವನ್ನೂ ಒಟ್ಟಿಗೇ ವಿರೋಧಿಸಿದರು. ಆಗ ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಜಾಗದಲ್ಲಿ ನಿಂತು ನೋಡಿ. ದೇಶದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಮಕ್ಕಳು ಕಾನೂನಿನ ಒಪ್ಪಿಗೆಯಿಂದಲೇ ಸಾಯುತ್ತಿದ್ದಾರೆ ಎಂದು ನೀವು ನಿಜವಾಗಿ ನಂಬಿದ್ದೀರಿ. ಒಬ್ಬ ಅಭ್ಯರ್ಥಿ ಸಂಭಾವಿತ, ಆದರೆ ಆ ಕಾನೂನನ್ನು ಉಳಿಸುತ್ತಾನೆ. ಇನ್ನೊಬ್ಬನ ನಡತೆ ಸರಿಯಿಲ್ಲ, ಆದರೆ ಆ ಕಾನೂನನ್ನು ಮುರಿಯುವ ನ್ಯಾಯಾಧೀಶರನ್ನು ನೇಮಿಸುತ್ತೇನೆ ಅನ್ನುತ್ತಾನೆ. ನೀವು ಯಾರಿಗೆ ಹಾಕುತ್ತೀರಿ? ಸುಮ್ನೆ ತಳ್ಳಿಹಾಕುವ ಲೆಕ್ಕ ಅಲ್ಲ ಇದು. ಆ ಲೆಕ್ಕ ಫಲವನ್ನೂ ಕೊಟ್ಟಿತು. ಟ್ರಂಪ್ ತಮ್ಮ ಮೊದಲ ಅವಧಿಯಲ್ಲಿ ಸುಪ್ರೀಂ ಕೋರ್ಟ್‌ಗೆ ಮೂವರನ್ನು ನೇಮಿಸಿದರು. ಗರ್ಭಪಾತವನ್ನು ದೇಶವಿಡೀ ಸಂವಿಧಾನದ ಹಕ್ಕು ಎಂದಿದ್ದ 1973ರ ರೋ ವರ್ಸಸ್ ವೇಡ್ ತೀರ್ಪು 2022ರ ಜೂನ್ 24ರಂದು ಡಾಬ್ಸ್ ಪ್ರಕರಣದಲ್ಲಿ ಬಿದ್ದುಹೋಯಿತು. ಆ ದಿನ ಆನಂದದಿಂದ ಅತ್ತ ಜನರು ಅರ್ಧ ಶತಮಾನ ಅದಕ್ಕಾಗಿ ಪ್ರಾರ್ಥಿಸಿದ್ದರು.

ಮದುವೆಯ ವಿಷಯದಲ್ಲೂ ಬೇರು ಅಷ್ಟೇ ಆಳ. ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಯೇಸು ಆದಿಕಾಂಡವನ್ನೇ ಎತ್ತಿ ಹೇಳುತ್ತಾನೆ: ಸೃಷ್ಟಿಕರ್ತ ಮೊದಲಿನಿಂದಲೂ ಅವರನ್ನು ಗಂಡು ಹೆಣ್ಣಾಗಿ ಮಾಡಿದನು, ಇಬ್ಬರೂ ಒಂದೇ ಶರೀರವಾಗುತ್ತಾರೆ. ಹಾಗಾಗಿ 2015ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಯನ್ನು ದೇಶದ ಉದ್ದಗಲಕ್ಕೂ ಮಾನ್ಯ ಮಾಡಿದಾಗ, ತಮ್ಮ ನಂಬಿಕೆಯೇ ಇನ್ನು ಅಪರಾಧ ಆಗಬಹುದು ಎಂಬ ಹೆದರಿಕೆ ಹಬ್ಬಿತು. ಕೊಲರಾಡೋದ ಒಬ್ಬ ಕೇಕ್ ತಯಾರಕರು ಸಲಿಂಗ ಮದುವೆಗೆ ಕೇಕ್ ಮಾಡಲು ಒಪ್ಪಲಿಲ್ಲ. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2018ರಲ್ಲಿ 7-2ರಲ್ಲಿ ಅವರು ಗೆದ್ದರು. ರಾಜ್ಯದ ಆಯೋಗ ಅವರ ನಂಬಿಕೆಯನ್ನು ಹಗೆತನದಿಂದ ನೋಡಿತು ಎಂಬ ಸೀಮಿತ ಕಾರಣಕ್ಕೆ ಬಂದ ಗೆಲುವು ಅದು. ಆದರೂ ಸಾವಿರಾರು ಸಣ್ಣ ಚರ್ಚ್ ಸಭೆಗಳಲ್ಲಿ ಅದರ ಬಗ್ಗೆ ಮಾತಾಡಿದರು. ಟ್ರಂಪ್‌ಗೆ ವೋಟು ಹಾಕಿದವರನ್ನು ಕೇಳಿದರೆ ಎಷ್ಟೋ ಜನ "ಅವರು ನಮ್ಮನ್ನು ಕಾಪಾಡುತ್ತಾರೆ" ಅನ್ನುತ್ತಾರೆ. ಆ ಮಾತಿನ ಹಿಂದೆ ಇರುವುದು ಈ ಹೆದರಿಕೆ.

ಆದರೆ ಅದೇ 19ನೇ ಅಧ್ಯಾಯವನ್ನು ಪೂರ್ತಿ ಓದಿ. ಅಲ್ಲಿ ಯೇಸುವಿಗೆ ಕೇಳಿದ ಪ್ರಶ್ನೆಯೇ ವಿಚ್ಛೇದನದ ಬಗ್ಗೆ. ಹೆಂಡತಿಯನ್ನು ಬಿಡುವುದು ಸರಿಯೋ ಅಂತ ಫರಿಸಾಯರು, ಅಂದರೆ ಕಟ್ಟುನಿಟ್ಟಿನ ಯೆಹೂದಿ ಪಂಥದವರು, ಕೇಳುತ್ತಾರೆ. ದೇವರು ಕೂಡಿಸಿದ್ದನ್ನು ಮನುಷ್ಯ ಅಗಲಿಸಬಾರದು ಎಂದು ಯೇಸು ಹೇಳುತ್ತಾನೆ. ಮದುವೆಯ ಪಾವಿತ್ರ್ಯದ ಹೆಸರಲ್ಲಿ ನಡೆದ ಎಷ್ಟು ಚುನಾವಣಾ ಪ್ರಚಾರಗಳಲ್ಲಿ ಈ ಭಾಗ ಕೇಳಿಬಂತು? ಕ್ಯಾಲಿಫೋರ್ನಿಯಾದಲ್ಲಿ ಯಾರ ತಪ್ಪನ್ನೂ ತೋರಿಸದೆ ವಿಚ್ಛೇದನ ಪಡೆಯಲು ಅವಕಾಶ ಕೊಟ್ಟ ಕಾನೂನಿಗೆ 1969ರಲ್ಲಿ ಸಹಿ ಹಾಕಿದ್ದು ಗವರ್ನರ್ ರೊನಾಲ್ಡ್ ರೇಗನ್. ಹನ್ನೊಂದು ವರ್ಷದ ನಂತರ ಕ್ರೈಸ್ತ ಬಲಪಂಥದ ವೀರ ಅವರೇ. ಸಭೆಯ ಬೆಂಚುಗಳಲ್ಲಿ ವಿಚ್ಛೇದನ ಪಡೆದವರು ಜಾಸ್ತಿ ಆದಂತೆ ಆ ವಿಷಯದ ಪ್ರಸಂಗಗಳು, ಅಂದರೆ ಚರ್ಚ್‌ನ ಬೋಧನೆಗಳು, ಕಡಿಮೆಯಾದವು. ಬೂಟಾಟಿಕೆ ಅಂತ ನೀವು ಹೇಳುವುದಾದರೆ, ಟ್ರಂಪ್‌ಗಿಂತ ಮೊದಲು ಇಲ್ಲಿ ಹೇಳಬೇಕು.

ಇನ್ನು ಧರ್ಮ ಮತ್ತು ಸರಕಾರದ ಸಂಬಂಧ. ಬೈಬಲ್ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಪೌಲ ಅಧಿಕಾರಿಗಳಿಗೆ ಅಧೀನರಾಗಿರಿ ಅನ್ನುತ್ತಾನೆ. ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದಲ್ಲಿ ಪೇತ್ರ ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅನ್ನುತ್ತಾನೆ. ಎರಡೂ ಮಾತು ಒಟ್ಟಿಗೇ ಇರಬೇಕು. ಜೊತೆಗೆ ಎಲ್ಲರೂ ಪಾಪಿಗಳು ಎಂಬ ಬೋಧನೆ ಇದೆ. ಆಳುವವನೂ ಪಾಪಿ, ಆದ್ದರಿಂದ ಯಾರ ಕೈಗೂ ಹೆಚ್ಚು ಅಧಿಕಾರ ಕೊಡಬೇಡಿ ಎಂಬ ಎಚ್ಚರಿಕೆ ಅಲ್ಲಿಂದ ಹುಟ್ಟುತ್ತದೆ. ಸರಕಾರ ಚಿಕ್ಕದಿರಲಿ, ಕುಟುಂಬ ಮತ್ತು ಸಭೆ ತಮ್ಮ ಕೆಲಸ ತಾವೇ ಮಾಡಲಿ ಎಂಬ ಸಂಪ್ರದಾಯವಾದಿಗಳ ಒಲವಿಗೆ ಇದೊಂದು ಕಾರಣ.

ಇಲ್ಲಿ ಒಬ್ಬ ಮನುಷ್ಯನ ಕಥೆ ಹೇಳಬೇಕು. ಈಗಿನ ಜಗಳದಲ್ಲಿ ಅವನನ್ನು ಎಲ್ಲರೂ ಮರೆತಿದ್ದಾರೆ. ಹೆಸರು ಜಾನ್ ಲೀಲೆಂಡ್, ಪ್ರೊಟೆಸ್ಟೆಂಟರ ಬ್ಯಾಪ್ಟಿಸ್ಟ್ ಪಂಗಡದ ಬೋಧಕ. ಬೈಬಲ್ಲನ್ನು ಅಕ್ಷರಶಃ ನಂಬುವವನು. ಅವನ ಕಾಲಕ್ಕೆ ಸ್ವಲ್ಪ ಮೊದಲು ವರ್ಜೀನಿಯಾದಲ್ಲಿ ಸರಕಾರಿ ಚರ್ಚ್ ಇತ್ತು. ಪರವಾನಗಿ ಇಲ್ಲದೆ ಬೋಧಿಸಿದ ಬ್ಯಾಪ್ಟಿಸ್ಟರನ್ನು ಜೈಲಿಗೆ ಹಾಕುತ್ತಿದ್ದರು. ಹಾಕಿದ್ದು ಬೇರೆ ಯಾರೂ ಅಲ್ಲ, ಕ್ರೈಸ್ತ ಸರಕಾರವೇ. ಆ ಏಟು ತಿಂದ ಸಮುದಾಯದವನಾದ್ದರಿಂದ, ಸರಕಾರ ಧರ್ಮದ ಗೋಜಿಗೆ ಬರಲೇಬಾರದು ಅಂತ ಲೀಲೆಂಡ್ ಜೀವನವಿಡೀ ಹೋರಾಡಿದ. ಯೆಹೂದಿ, ತುರ್ಕ (ಅಂದರೆ ಮುಸ್ಲಿಂ), ವಿಗ್ರಹಾರಾಧಕ, ಕ್ರೈಸ್ತ ಎಲ್ಲರಿಗೂ ಸಮನಾದ ಸ್ವಾತಂತ್ರ್ಯ ಬೇಕು ಎಂದು ಬರೆದ. 1789ರಲ್ಲಿ ವರ್ಜೀನಿಯಾದ ಬ್ಯಾಪ್ಟಿಸ್ಟರಿಂದ ಗುಲಾಮಗಿರಿಯ ವಿರುದ್ಧ ನಿರ್ಣಯ ಮಾಡಿಸಿದವನೂ ಅವನೇ.

1800ರ ಚುನಾವಣೆಯಲ್ಲಿ ಥಾಮಸ್ ಜೆಫರ್ಸನ್ ನಿಂತರು. ಜೆಫರ್ಸನ್‌ಗೆ ಪವಾಡಗಳಲ್ಲಿ ನಂಬಿಕೆ ಇರಲಿಲ್ಲ. ಯೇಸು ದೇವರು ಎಂಬುದರಲ್ಲೂ ಇರಲಿಲ್ಲ. ನ್ಯೂ ಇಂಗ್ಲೆಂಡಿನ ದೊಡ್ಡ ದೊಡ್ಡ ಪಾದ್ರಿಗಳು ಅವರನ್ನು ನಾಸ್ತಿಕ ಎಂದು ಬೈದರು. ಲೀಲೆಂಡ್ ಮತ್ತು ಅವನ ಬ್ಯಾಪ್ಟಿಸ್ಟರು ಅವರ ಪರ ನಿಂತರು. ಗೆದ್ದ ಮೇಲೆ ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಊರಿನ ಜನ ತಮ್ಮ ಹಸುಗಳ ಹಾಲನ್ನೆಲ್ಲ ಸೇರಿಸಿ 1,235 ಪೌಂಡಿನ, ಅಂದರೆ ಸುಮಾರು 560 ಕಿಲೋ ತೂಕದ ಒಂದೇ ಒಂದು ಚೀಸ್ ಮಾಡಿದರು. ಲೀಲೆಂಡ್ ಅದನ್ನು ವಾಷಿಂಗ್ಟನ್‌ಗೆ ತಂದು 1802ರ ಜನವರಿ 1ರಂದು ಅಧ್ಯಕ್ಷರ ಮನೆಗೆ ಒಪ್ಪಿಸಿದ. ಅದೇ ದಿನ ಜೆಫರ್ಸನ್ ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ ಪತ್ರ ಬರೆದರು. ಚರ್ಚಿಗೂ ಸರಕಾರಕ್ಕೂ ನಡುವೆ ಗೋಡೆ ಇರಬೇಕು ಎಂಬ ಪ್ರಸಿದ್ಧ ಮಾತು ಆ ಪತ್ರದ್ದು. ಎರಡು ದಿನ ಬಿಟ್ಟು, ಭಾನುವಾರ, ಸಂಸತ್ತಿನ ಸಭಾಂಗಣದಲ್ಲಿ ಲೀಲೆಂಡ್ ಪ್ರಸಂಗ ಮಾಡಿದ. ಜೆಫರ್ಸನ್ ಕೂತು ಕೇಳಿದರು.

ನಿಮ್ಮ ಸಹೋದ್ಯೋಗಿ "ನಾವು ಪಾಸ್ಟರ್‌ನನ್ನು ಆರಿಸುತ್ತಿಲ್ಲ, ಅಧ್ಯಕ್ಷನನ್ನು ಆರಿಸುತ್ತಿದ್ದೇವೆ" ಅಂದರೆ, ಅದಕ್ಕೆ ಇಷ್ಟು ಹಳೆಯ ಉದಾಹರಣೆ ಇದೆ. ತಮ್ಮ ನಂಬಿಕೆ ಇಲ್ಲದವನಿಗೆ ವೋಟು ಹಾಕುವುದು ತಪ್ಪಲ್ಲ. ಆದರೆ ಲೀಲೆಂಡ್ ಕೇಳಿದ್ದು ಏನು ನೋಡಿ. ಎಲ್ಲರಿಗೂ ಸಿಗುವ ಸ್ವಾತಂತ್ರ್ಯವನ್ನೇ ತನಗೂ ಕೇಳಿದ. ತನ್ನ ಪಂಗಡಕ್ಕೆ ಅಂತ ಸವಲತ್ತು ಕೇಳಲಿಲ್ಲ. ಇವತ್ತು ಅಮೆರಿಕವನ್ನು ಕ್ರೈಸ್ತ ರಾಷ್ಟ್ರ ಎಂದು ಘೋಷಿಸಬೇಕು ಅನ್ನುವ ಬ್ಯಾಪ್ಟಿಸ್ಟರಿದ್ದಾರೆ. ಅವರ ಅಜ್ಜಂದಿರು ಜೈಲಿಗೆ ಹೋಗಿದ್ದು ಅಂಥದ್ದೇ ಒಂದು ಘೋಷಣೆಯ ದೆಸೆಯಿಂದ.

ಹಾಗಾದರೆ ಗಂಟು ಬಿದ್ದದ್ದು ಯಾವಾಗ? 1920ರ ದಶಕದಲ್ಲಂತೂ ಇರಲಿಲ್ಲ. 1925ರಲ್ಲಿ ಟೆನೆಸ್ಸಿಯ ಡೇಟನ್‌ನಲ್ಲಿ ವಿಕಾಸವಾದ ಕಲಿಸಿದ ಶಿಕ್ಷಕನ ಮೇಲೆ ನಡೆದ ಕೇಸಿನಲ್ಲಿ ಬೈಬಲ್ ಪರ ನಿಂತವರು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಅವರು ಮೂರು ಸಲ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ. ರೈತರ ಪರ, ಆದಾಯ ತೆರಿಗೆಯ ಪರ, ಹೆಂಗಸರ ಮತದಾನದ ಹಕ್ಕಿನ ಪರ. ನಂಬಿಕೆಯಲ್ಲಿ ಕಟ್ಟಾ ಸಂಪ್ರದಾಯವಾದಿ, ಆರ್ಥಿಕ ವಿಷಯದಲ್ಲಿ ಎಡಕ್ಕೆ. ಆಗ ಇದರಲ್ಲಿ ಯಾರಿಗೂ ವಿರೋಧಾಭಾಸ ಕಂಡಿರಲಿಲ್ಲ.

1962 ಮತ್ತು 1963ರಲ್ಲಿ ಸುಪ್ರೀಂ ಕೋರ್ಟ್ ಸರಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆ ಮತ್ತು ಬೈಬಲ್ ಪಠಣ ನಿಲ್ಲಿಸಿತು. ಅಸಮಾಧಾನ ಹೊಗೆಯಾಡತೊಡಗಿತು. ಆದರೂ ಪಾಸ್ಟರ್‌ಗಳು ಬೀದಿಗಿಳಿಯಲಿಲ್ಲ. ವರ್ಜೀನಿಯಾದ ಜೆರ್ರಿ ಫಾಲ್ವೆಲ್ 1965ರಲ್ಲಿ ಒಂದು ಪ್ರಸಂಗ ಮಾಡಿದರು. ಬೋಧಕರ ಕರೆ ರಾಜಕಾರಣಕ್ಕಲ್ಲ, ಆತ್ಮಗಳನ್ನು ಗೆಲ್ಲುವುದಕ್ಕೆ ಎಂಬುದು ಅದರ ಸಾರ. ಕರಿಯರ ನಾಗರಿಕ ಹಕ್ಕಿನ ಚಳವಳಿಯಲ್ಲಿ ಹೆಜ್ಜೆ ಹಾಕುತ್ತಿದ್ದ ಪಾಸ್ಟರ್‌ಗಳನ್ನು ಚುಚ್ಚಲು ಹೇಳಿದ ಮಾತದು. ಹದಿನಾಲ್ಕು ವರ್ಷದ ನಂತರ, 1979ರಲ್ಲಿ, ಅದೇ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಎಂಬ ಸಂಪ್ರದಾಯವಾದಿ ಕ್ರೈಸ್ತರ ರಾಜಕೀಯ ಸಂಘಟನೆ ಕಟ್ಟಿದರು.

ನಡುವೆ ಏನಾಯಿತು ಎನ್ನುವುದರಲ್ಲಿ ಇತಿಹಾಸಕಾರರಲ್ಲೇ ಜಗಳ ಇದೆ. ರೋ ತೀರ್ಪೇ ಕಾರಣ ಎನ್ನುವುದು ಜನಪ್ರಿಯ ಕಥೆ. ಆದರೆ ದೇಶದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಸಮಾವೇಶ 1971ರಲ್ಲಿ, ಅಂದರೆ ರೋಗಿಂತ ಮೊದಲೇ, ಅತ್ಯಾಚಾರ, ರಕ್ತಸಂಬಂಧಿಗಳಿಂದ ಬಸಿರು, ಭ್ರೂಣದ ತೀವ್ರ ವಿಕಲತೆ, ತಾಯಿಯ ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಅಪಾಯ ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬೇಕು ಎಂದು ನಿರ್ಣಯ ಮಾಡಿತ್ತು! ಗರ್ಭಪಾತದ ವಿರುದ್ಧ ಮೊದಲ ದಿನದಿಂದ ಹೋರಾಡಿದವರು ಕ್ಯಾಥೊಲಿಕರು. ಎಷ್ಟೋ ಪ್ರೊಟೆಸ್ಟೆಂಟರು ಅದನ್ನು ಕ್ಯಾಥೊಲಿಕರ ವಿಷಯ ಎಂದು ಬಿಟ್ಟುಬಿಟ್ಟಿದ್ದರು.

ರ‍್ಯಾಂಡಲ್ ಬಾಲ್ಮರ್ ಎಂಬ ಇತಿಹಾಸಕಾರರ ವಾದ ಬೇರೆ. ಅವರ ಪ್ರಕಾರ ಕಿಡಿ ಹೊತ್ತಿದ್ದು ಶಾಲೆಗಳಿಂದ. ಬಣ್ಣದ ಆಧಾರದ ಮೇಲೆ ಭೇದ ಮಾಡುವ ಖಾಸಗಿ ಶಾಲೆಗಳಿಗೆ ತೆರಿಗೆ ವಿನಾಯಿತಿ ಇಲ್ಲ ಎಂದು 1970ರ ದಶಕದಲ್ಲಿ ತೆರಿಗೆ ಇಲಾಖೆ ಪಟ್ಟು ಹಿಡಿಯಿತು. ಬಿಳಿಯ ಮತ್ತು ಕರಿಯ ವಿದ್ಯಾರ್ಥಿಗಳು ಪ್ರೇಮಿಸಬಾರದು ಎಂದು ನಿಯಮ ಇಟ್ಟಿದ್ದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಆ ವಿನಾಯಿತಿ ಕಳೆದುಕೊಂಡಿತು. 1983ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ 8-1ರಲ್ಲಿ ಸೋತಿತು. 2000ನೇ ಇಸವಿಯವರೆಗೂ ಆ ನಿಯಮ ಕೈಬಿಡಲಿಲ್ಲ. ಸರಕಾರ ನಮ್ಮ ಸಂಸ್ಥೆಗಳ ಒಳಗೆ ಕೈ ಹಾಕುತ್ತಿದೆ ಎಂಬ ಕೋಪವೇ ಪಾಸ್ಟರ್‌ಗಳನ್ನು ಒಟ್ಟುಗೂಡಿಸಿತು, ಗರ್ಭಪಾತ ಆಮೇಲೆ ಬಂತು ಎಂದು ಬಾಲ್ಮರ್ ಹೇಳುತ್ತಾರೆ.

ನನಗೆ ಅನ್ನಿಸುವುದು ಇಷ್ಟು: ನಾಯಕರ ಮಟ್ಟದಲ್ಲಿ ಬಾಲ್ಮರ್ ಹೇಳುವುದರಲ್ಲಿ ಬಹಳ ಸತ್ಯ ಇದೆ. ಅದನ್ನು ಒಪ್ಪಿಕೊಳ್ಳಲು ಸಭೆಗಳು ಇನ್ನೂ ಹಿಂಜರಿಯುವುದು ಸರಿಯಲ್ಲ. ಆದರೆ ಬೆಂಚಿನ ಮೇಲೆ ಕೂತ ಸಾಮಾನ್ಯ ವಿಶ್ವಾಸಿಯ ಮನಸ್ಸು ತಿರುಗಿದ್ದು ಗರ್ಭದ ಮಗುವಿನ ಚಿತ್ರ ನೋಡಿಯೇ. ಫ್ರಾನ್ಸಿಸ್ ಶೇಫರ್ ಎಂಬ ಚಿಂತಕರು ಮಕ್ಕಳ ಶಸ್ತ್ರವೈದ್ಯ ಸಿ. ಎವರೆಟ್ ಕೂಪ್ ಜೊತೆ ಸೇರಿ 1970ರ ದಶಕದ ಕೊನೆಗೆ ಚರ್ಚ್‌ಗಳಲ್ಲಿ ತೋರಿಸುವ ಚಿತ್ರಮಾಲೆ ಮಾಡಿದರು. ಇವ್ಯಾಂಜೆಲಿಕಲ್, ಅಂದರೆ ಬೈಬಲ್ಲೇ ಅಂತಿಮ ಮಾತು ಎಂದು ನಂಬುವ ಸಂಪ್ರದಾಯವಾದಿ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಈ ವಿಷಯ ಬೇರೂರಿದ್ದು ಆಗ. 1980ರಲ್ಲಿ ಸದರ್ನ್ ಬ್ಯಾಪ್ಟಿಸ್ಟರ ನಿಲುವೂ ಬದಲಾಯಿತು. ನಿಮ್ಮ ಸಹೋದ್ಯೋಗಿ ಇಂಥ ಮನೆಯಲ್ಲಿ ಬೆಳೆದವರಿರಬೇಕು. ಶಾಲೆಗಳ ತೆರಿಗೆ ಜಗಳ ಅವರಿಗೆ ಗೊತ್ತೇ ಇಲ್ಲದಿರಬಹುದು.

1980ರ ಚುನಾವಣೆ ಬಂತು. ಒಂದು ಕಡೆ ಜಿಮ್ಮಿ ಕಾರ್ಟರ್. ಸದರ್ನ್ ಬ್ಯಾಪ್ಟಿಸ್ಟ್, ಭಾನುವಾರದ ಶಾಲೆಯ ಶಿಕ್ಷಕ, ಒಬ್ಬಳೇ ಹೆಂಡತಿ, ಯೇಸುವಿನ ನಂಬಿಕೆಯಲ್ಲಿ ಹೊಸದಾಗಿ ಹುಟ್ಟಿದ ವಿಶ್ವಾಸಿ ಎಂದು ಬಾಯಿಬಿಟ್ಟು ಹೇಳಿದವರು. ಇನ್ನೊಂದು ಕಡೆ ರೇಗನ್. ಹಾಲಿವುಡ್ ನಟ, ವಿಚ್ಛೇದಿತ, 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗರ್ಭಪಾತದ ಕಾನೂನು ಸಡಿಲ ಮಾಡಿದವರು. ಆಗಸ್ಟ್‌ನಲ್ಲಿ ಡಲ್ಲಾಸ್‌ನಲ್ಲಿ ಸೇರಿದ ಸಾವಿರಾರು ಪಾಸ್ಟರ್‌ಗಳ ಮುಂದೆ ರೇಗನ್, ನೀವು ನನ್ನನ್ನು ಅನುಮೋದಿಸಲು ಆಗುವುದಿಲ್ಲ, ಆದರೆ ನಾನು ನಿಮ್ಮನ್ನು ಅನುಮೋದಿಸುತ್ತೇನೆ ಅಂದರು. ಕಾನೂನು ಬಲ್ಲ ಮಾತು: 1954ರಿಂದ ತೆರಿಗೆ ವಿನಾಯಿತಿ ಪಡೆದ ಸಭೆಗಳು ಅಭ್ಯರ್ಥಿಗಳ ಪರ ಪ್ರಚಾರ ಮಾಡುವಂತಿರಲಿಲ್ಲ. ಪಾಸ್ಟರ್‌ಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿಮ್ಮ ಪ್ರಶ್ನೆಯ ಬೀಜ ಬಿದ್ದದ್ದು ಆ ದಿನ. ನಮ್ಮವನಂತೆ ಬದುಕುವವನಿಗಿಂತ ನಮ್ಮ ಪರ ನಿಲ್ಲುವವನು ಮೇಲು ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಹಾಗಂತ ನಡತೆಯ ಮಾತು ಬಿಟ್ಟಿರಲಿಲ್ಲ. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಲೈಂಗಿಕ ಹಗರಣ ಆದಾಗ ಸದರ್ನ್ ಬ್ಯಾಪ್ಟಿಸ್ಟರು ನಿರ್ಣಯ ಮಾಡಿದರು. ಸಾರ್ವಜನಿಕ ಹುದ್ದೆಗೆ ನಡತೆ ಮುಖ್ಯ, ನಾಯಕರ ಗಂಭೀರ ತಪ್ಪನ್ನು ಸಹಿಸಿದರೆ ಸಮಾಜದ ಮನಸ್ಸಾಕ್ಷಿಯೇ ಸುಟ್ಟುಹೋಗುತ್ತದೆ ಎಂಬುದು ಅದರ ಸಾರ. ಒಳ್ಳೆಯ ನಿರ್ಣಯ. ಇವತ್ತೂ ನಾನು ಅದಕ್ಕೆ ಸಹಿ ಹಾಕುತ್ತೇನೆ.

2011ರಲ್ಲಿ ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ ಒಂದು ಪ್ರಶ್ನೆ ಕೇಳಿತು: ಖಾಸಗಿ ಬದುಕಿನಲ್ಲಿ ಅನೈತಿಕ ಕೆಲಸ ಮಾಡಿದ ಜನಪ್ರತಿನಿಧಿ ಸಾರ್ವಜನಿಕ ಕೆಲಸದಲ್ಲಿ ನೀತಿಯಿಂದ ನಡೆಯಬಲ್ಲನೇ? ಬಿಳಿಯ ಇವ್ಯಾಂಜೆಲಿಕಲರಲ್ಲಿ ಹೌದು ಅಂದವರು ಶೇಕಡಾ 30. 2016ರ ಅಕ್ಟೋಬರ್‌ನಲ್ಲಿ ಅದೇ ಪ್ರಶ್ನೆಗೆ ಹೌದು ಅಂದವರು ಶೇಕಡಾ 72. ಬೈಬಲ್ ಬದಲಾಗಿರಲಿಲ್ಲ. ಅಭ್ಯರ್ಥಿ ಬದಲಾಗಿದ್ದ. ಮುಂದಿನ ತಿಂಗಳು ಅವರಲ್ಲಿ ಸುಮಾರು ಶೇಕಡಾ 80 ಜನ ಟ್ರಂಪ್‌ಗೆ ವೋಟು ಹಾಕಿದರು. ಗರ್ಭಪಾತದ ಲೆಕ್ಕ ನನಗೆ ಅರ್ಥವಾಗುತ್ತದೆ. ಈ 30ರಿಂದ 72ಕ್ಕೆ ಹಾರಿದ ಲೆಕ್ಕ ಅರ್ಥವಾಗುವುದಿಲ್ಲ. ಕೆಟ್ಟವನು ಎಂದು ಗೊತ್ತಿದ್ದೂ ಬೇರೆ ದಾರಿ ಇಲ್ಲದೆ ವೋಟು ಹಾಕಿದೆ ಅನ್ನುವುದು ಒಂದು. ವೋಟು ಹಾಕಬೇಕಾಗಿದೆ, ಆದ್ದರಿಂದ ಕೆಟ್ಟದ್ದು ಅಷ್ಟೇನೂ ಮುಖ್ಯವಲ್ಲ ಅನ್ನುವುದು ಪೂರ್ತಿ ಬೇರೆ.

ಇದಕ್ಕೆ ಅವರು ಬೈಬಲ್‌ನಿಂದಲೇ ಎರಡು ಉದಾಹರಣೆ ಕೊಡುತ್ತಾರೆ. ಮೊದಲನೆಯದು ಕೋರೆಷ. ಯೆಶಾಯನ ಪ್ರವಾದನೆಯ 45ನೇ ಅಧ್ಯಾಯದಲ್ಲಿ ದೇವರು ಪರ್ಷಿಯಾದ ಈ ಅರಸನನ್ನು ತನ್ನ ಅಭಿಷಿಕ್ತ ಎಂದು ಕರೆಯುತ್ತಾನೆ. ಕೋರೆಷನಿಗೆ ಆ ದೇವರ ಪರಿಚಯವೇ ಇಲ್ಲ. ಆದರೂ ಬಾಬಿಲೋನಿನ ಸೆರೆಯಲ್ಲಿದ್ದ ಯೆಹೂದಿಗಳನ್ನು ಊರಿಗೆ ಕಳಿಸಿದ. ಹಾಗೇ ಟ್ರಂಪ್ ಕೂಡ ಎನ್ನುತ್ತಾರೆ. ದೇವರು ಯಾರನ್ನು ಬೇಕಾದರೂ ಬಳಸಬಲ್ಲ, ಅದು ನಿಜ. ಆದರೆ ಕೋರೆಷನನ್ನು ಯೆಹೂದಿಗಳು ಆರಿಸಿರಲಿಲ್ಲ. ಅವನಿಗಾಗಿ ಪ್ರಚಾರ ಮಾಡಿರಲಿಲ್ಲ. ಅವನ ಪ್ರತಿ ಮಾತನ್ನೂ ಸಮರ್ಥಿಸುವ ಕೆಲಸವೂ ಅವರ ಮೇಲೆ ಬಿದ್ದಿರಲಿಲ್ಲ.

ಎರಡನೆಯದು ದಾವೀದ. ಬತ್ಷೆಬೆಯೊಡನೆ ವ್ಯಭಿಚಾರ ಮಾಡಿ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದವನು. ಆದರೂ ದೇವರ ಮನಸ್ಸಿಗೆ ಒಪ್ಪಿದ ಅರಸ. ಯಾವ ನಾಯಕ ಸಿಕ್ಕಿಬಿದ್ದರೂ ದಾವೀದನ ಹೆಸರು ಬರುತ್ತದೆ. ಆದರೆ ಎರಡನೆಯ ಸಮುವೇಲದ 12ನೇ ಅಧ್ಯಾಯದಲ್ಲಿ ನಾತಾನ ಪ್ರವಾದಿ ಅರಮನೆಗೆ ನಡೆದು ಹೋಗುತ್ತಾನೆ. ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆ ಹೇಳುತ್ತಾನೆ. ಅರಸ ಸಿಟ್ಟಿಗೆದ್ದು ಅಂಥವನು ಸಾಯಬೇಕು ಅಂದಾಗ, ಆ ಮನುಷ್ಯ ನೀನೇ ಅನ್ನುತ್ತಾನೆ. ದಾವೀದ ಕುಸಿದು ನಾನು ಪಾಪ ಮಾಡಿದ್ದೇನೆ ಅನ್ನುತ್ತಾನೆ. ಕಥೆಯಿಂದ ನಾತಾನನನ್ನು ತೆಗೆದುಬಿಟ್ಟರೆ, ದಾವೀದ ಸುಮ್ನೆ ಒಬ್ಬ ಕೊಲೆಗಾರ ಅರಸ. ಅಧ್ಯಕ್ಷರ ಸುತ್ತ ಕೈಯಿಟ್ಟು ಪ್ರಾರ್ಥಿಸುವ ಪಾಸ್ಟರ್‌ಗಳ ಫೋಟೋ ನೋಡಿದಾಗಲೆಲ್ಲ ಇವರಲ್ಲಿ ನಾತಾನ ಯಾರು ಅಂತ ನಾನು ಹುಡುಕುತ್ತೇನೆ. ಆ ಕೆಲಸ ಮಾಡುವವರಿಲ್ಲದಿದ್ದರೆ ಅರಮನೆಯಲ್ಲಿ ಸಭೆಗೆ ಏನು ಕೆಲಸ?

ಆ ಕೆಲಸ ಮಾಡಿದವರು ಇಲ್ಲವೇ ಇಲ್ಲ ಅಂತಲ್ಲ. ಇವ್ಯಾಂಜೆಲಿಕಲರ ಪ್ರಮುಖ ಪತ್ರಿಕೆ 'ಕ್ರಿಶ್ಚಿಯಾನಿಟಿ ಟುಡೇ'ಯ ಸಂಪಾದಕ ಮಾರ್ಕ್ ಗ್ಯಾಲಿ 2019ರ ಡಿಸೆಂಬರ್‌ನಲ್ಲಿ ಟ್ರಂಪ್‌ರನ್ನು ಹುದ್ದೆಯಿಂದ ತೆಗೆಯಬೇಕು ಎಂದು ಸಂಪಾದಕೀಯ ಬರೆದರು. ಸದರ್ನ್ ಬ್ಯಾಪ್ಟಿಸ್ಟರ ನೀತಿ ವಿಭಾಗದ ಮುಖ್ಯಸ್ಥರಾಗಿದ್ದ ರಸೆಲ್ ಮೂರ್ 2016ರಿಂದಲೇ ವಿರೋಧಿಸಿದರು. ತಮ್ಮವರಿಂದಲೇ ಏಟು ತಿಂದು 2021ರಲ್ಲಿ ಹೊರಬಂದರು. ಇಬ್ಬರೂ ಗರ್ಭಪಾತದ ವಿರೋಧಿಗಳೇ.

ಇನ್ನೊಂದು ವಿಷಯ ಸುದ್ದಿಗಳಲ್ಲಿ ಕಾಣುವುದಿಲ್ಲ. ಮೇಲೆ ನಾನು 'ಬಿಳಿಯ' ಎಂಬ ಪದ ಹಾಕಿದ್ದು ಬೇಕೆಂದೇ. ಅಮೆರಿಕದ ಕರಿಯ ಪ್ರೊಟೆಸ್ಟೆಂಟ್ ಸಭೆಗಳಿಗೆ ಹೋಗಿ ಕೂತರೆ ಅದೇ ಬೈಬಲ್, ಅದೇ ಪುನರುತ್ಥಾನ, ಪಾಪ ಮತ್ತು ರಕ್ಷಣೆಯ ಅದೇ ಪ್ರಸಂಗ. ವೋಟು ಮಾತ್ರ ದೊಡ್ಡ ಬಹುಮತದಿಂದ ಡೆಮಾಕ್ರಟರಿಗೆ. ಅವರು ಬೈಬಲ್‌ನಲ್ಲಿ ಐಗುಪ್ತದ ದಾಸತ್ವವನ್ನೂ, ಬಡವರನ್ನು ತುಳಿದವರ ಮೇಲೆ ಪ್ರವಾದಿ ಆಮೋಸನ ಸಿಟ್ಟನ್ನೂ ಮೊದಲು ಓದುತ್ತಾರೆ. ಕ್ಯಾಥೊಲಿಕ್ ಬೋಧನೆಯಂತೂ ಯಾವ ಪಕ್ಷಕ್ಕೂ ಹೊಂದುವುದಿಲ್ಲ. ಗರ್ಭಪಾತ ಬೇಡ ಅನ್ನುತ್ತದೆ, 2018ರಿಂದ ಮರಣದಂಡನೆಯೂ ಒಪ್ಪತಕ್ಕದ್ದಲ್ಲ ಅನ್ನುತ್ತದೆ. ಕಾರ್ಮಿಕರ ಸಂಘಟನೆ ಮತ್ತು ನ್ಯಾಯವಾದ ಕೂಲಿಯ ಪರ 1891ರಲ್ಲೇ ಪೋಪ್ ಹದಿಮೂರನೆಯ ಲಿಯೋ ಬರೆದಿದ್ದಾರೆ. ಆಮಿಷ್ ಜನರನ್ನು ನೋಡಿ. ಅವರಷ್ಟು ಸಂಪ್ರದಾಯಸ್ಥರು ಸಿಗುವುದು ಕಷ್ಟ. ಅವರಲ್ಲಿ ಹೆಚ್ಚಿನವರು ವೋಟೇ ಹಾಕುವುದಿಲ್ಲ. ಬೈಬಲ್ಲನ್ನು ಗಂಭೀರವಾಗಿ ತೆಗೆದುಕೊಂಡರೆ ಇಂಥ ಪಕ್ಷಕ್ಕೇ ಹೋಗಬೇಕು ಎಂದು ಯಾರಾದರೂ ಹೇಳಿದರೆ, ಈ ಜನರೆಲ್ಲ ಬೈಬಲ್ ಓದುವುದಿಲ್ಲವೇ ಅಂತ ಕೇಳಬೇಕಾಗುತ್ತದೆ.

ಡಾಬ್ಸ್ ನಂತರ ಗಂಟು ಇನ್ನೊಂದು ಕಡೆಯಿಂದ ಬಿಗಿಯುತ್ತಿದೆ. 2022ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ನರ ಕೋಟೆಯಾದ ಕ್ಯಾನ್ಸಸ್‌ನಲ್ಲೇ ಗರ್ಭಪಾತದ ಹಕ್ಕು ತೆಗೆಯುವ ಪ್ರಸ್ತಾಪವನ್ನು ಜನ ದೊಡ್ಡ ಅಂತರದಿಂದ ತಿರಸ್ಕರಿಸಿದರು. ಪಕ್ಷಕ್ಕೆ ಗಾಳಿ ಯಾವ ಕಡೆ ಅಂತ ಗೊತ್ತಾಯಿತು. 2024ರ ಪ್ರಣಾಳಿಕೆಯಲ್ಲಿ ಅದು ತನ್ನ ಹಳೆಯ ಕಟು ನಿಲುವನ್ನು ಸಡಿಲಿಸಿ, ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಪ್ರನಾಳ ಶಿಶು (ಐವಿಎಫ್) ಚಿಕಿತ್ಸೆಯಲ್ಲಿ ಉಳಿದ ಭ್ರೂಣಗಳು ನಾಶವಾಗುವುದರ ಬಗ್ಗೆ ಕಳವಳದ ನಿರ್ಣಯ ಮಾಡಿದರು. ಅವರ ನಂಬಿಕೆಯ ಪ್ರಕಾರ ಅದು ಸರಿಯಾದ ಮುಂದಿನ ಹೆಜ್ಜೆ. ಆಗಸ್ಟ್ ಕೊನೆಗೆ ಟ್ರಂಪ್ ಆ ಚಿಕಿತ್ಸೆಯ ಖರ್ಚನ್ನು ಸರಕಾರವೋ ವಿಮೆಯೋ ಭರಿಸುವಂತೆ ಮಾಡುತ್ತೇನೆ ಅಂದರು. ನವೆಂಬರ್‌ನಲ್ಲಿ ಬಿಳಿಯ ಇವ್ಯಾಂಜೆಲಿಕಲರಲ್ಲಿ ಹತ್ತರಲ್ಲಿ ಎಂಟು ಜನ ಮತ್ತೆ ಅವರಿಗೇ ವೋಟು ಹಾಕಿದರು. ಈ ವೋಟು ಎಲ್ಲಿಗೂ ಹೋಗುವುದಿಲ್ಲ ಎಂದು ಪಕ್ಷಕ್ಕೆ ಗೊತ್ತಾದ ಮೇಲೆ, ಅವರ ಮಾತು ಕೇಳುವ ಅಗತ್ಯ ಅದಕ್ಕೇನಿದೆ?

ಈಗ ನಿಮ್ಮ ಕೊನೆಯ ಪ್ರಶ್ನೆ. ಬೂಟಾಟಿಕೆ ಎಂಬ ಪದದಿಂದ ಮಾತು ಶುರು ಮಾಡಬೇಡಿ. ಟ್ರಂಪ್ ಹೆಸರಿನಿಂದಲೂ ಬೇಡ. ಆ ಜಗಳಕ್ಕೆ ಅವರ ಬಳಿ ಉತ್ತರ ಸಿದ್ಧ ಇರುತ್ತದೆ, ನಿಮ್ಮ ಬಳಿಯೂ. ಮೊದಲು ಅವರ ನಂಬಿಕೆಯ ಬಗ್ಗೆ ಕೇಳಿ. ಗರ್ಭದ ಮಗುವಿನ ಬಗ್ಗೆ ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ನೀವು ಒಪ್ಪಬೇಕಾಗಿಲ್ಲ. ಅವರು ಅದನ್ನು ನಿಜವಾಗಿ ನಂಬುತ್ತಾರೆ ಎಂದು ನಿಮಗೆ ಗೊತ್ತಾದರೆ ಸಾಕು. ಅವರ ಸಭೆ ಬಸಿರಾದ ಒಂಟಿ ಹೆಂಗಸರಿಗೆ ಏನು ಮಾಡುತ್ತದೆ, ದತ್ತು ತೆಗೆದುಕೊಂಡ ಕುಟುಂಬಗಳು ಎಷ್ಟಿವೆ ಅಂತ ಕೇಳಿ. ಎಷ್ಟೋ ಸಭೆಗಳು ಸದ್ದಿಲ್ಲದೆ ತುಂಬಾ ಮಾಡುತ್ತವೆ. ಅದನ್ನು ಯಾರೂ ಅವರನ್ನು ಕೇಳಿರುವುದಿಲ್ಲ.

ಆಮೇಲೆ ಒಂದು ಪ್ರಶ್ನೆ ಕೇಳಿ: ನಿಮ್ಮ ನಂಬಿಕೆಯ ಕಾರಣಕ್ಕೆ ನಿಮ್ಮ ಸ್ವಂತ ಪಕ್ಷದ ಯಾವ ನಿಲುವನ್ನು ನೀವು ಒಪ್ಪುವುದಿಲ್ಲ? ಕೆಲವರು ತಡ ಮಾಡದೆ ಹೇಳುತ್ತಾರೆ. ವಲಸೆ ಬಂದ ಕುಟುಂಬಗಳನ್ನು ಬೇರ್ಪಡಿಸಿದ್ದು, ವಿದೇಶಿ ನೆರವು ಕಡಿತ, ಭ್ರೂಣಗಳ ವಿಷಯ, ಹೀಗೆ. ಅಂಥವರ ಜೊತೆ ನೀವು ಏನು ಬೇಕಾದರೂ ಮಾತಾಡಬಹುದು, ಟ್ರಂಪ್ ಬಗ್ಗೆಯೂ. ಕೆಲವರು ಯೋಚಿಸಿ, ಮಾತು ಸಿಗದೆ ನಿಲ್ಲುತ್ತಾರೆ. ಹಾಗೆ ನಿಂತರೆ ಅವರನ್ನು ಒತ್ತಾಯಿಸಬೇಡಿ. ಇನ್ನೊಂದು ದಿನ ಅವರೇ ಆ ಪ್ರಶ್ನೆಯನ್ನು ತಮ್ಮ ಪಾಸ್ಟರ್ ಹತ್ತಿರ ಕೇಳಬಹುದು.